ಅವಳ ಪರವಾಗಿ ನಾನು ಮುಟ್ಟಿದ ಕಾಯಿ

ಕಾರವಾರದ ನಮ್ಮ ನಗರಸಭೆಯ ಎದುರು ಆಗ ಒಂದು ಉದ್ದನೆಯ ಸಿಮೆಂಟಿನ ಕಟ್ಟೆ ಇತ್ತು. ಸಭೆಯಿದ್ದ ದಿನ ಅದರ ಮೇಲೆ ನಾವು ಗಂಡಂದಿರು ಕೂರುತ್ತಿದ್ದೆವು. ಮಹಿಳಾ ಮೀಸಲಾತಿಯಲ್ಲಿ ಗೆದ್ದ ಹೆಂಡತಿಯರು ಒಳಗೆ ಫ್ಯಾನಿನ ಕೆಳಗೆ, ಅವರನ್ನು ಗೆಲ್ಲಿಸಿದ್ದು ನಾವೇ ಎಂದು ತಿಳಿದಿದ್ದ ನಾವು ಹೊರಗೆ ಬಿಸಿಲಿನಲ್ಲಿ. ಒಬ್ಬೊಬ್ಬನ ಕೈಯಲ್ಲೂ ಹೆಂಡತಿಯ ಹೆಸರು ಬರೆದ ಒಂದು ಫೈಲು. ಒಳಗಿನಿಂದ ಯಾರಾದರೂ ನೀರು ಕುಡಿಯಲು ಹೊರಗೆ ಬಂದರೆ ಅವಳ ಗಂಡ ತಟ್ಟನೆ ಎದ್ದು, ‘ಅವರು ಎಂತಾ ಹೇಳಿದ್ರು? ನೀ ಎಂತಾ ಹೇಳ್ದೆ? ನಾ ಹೇಳಿದ್ದು ಹೇಳಿದ್ಯೋ ಇಲ್ಲೋ?’ ಎಂದು ಪೊಲೀಸಿನವರ ಹಾಗೆ ಕೇಳುತ್ತಿದ್ದ. ಆ ಕಟ್ಟೆಯನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಅಲ್ಲಿ ಕೂರುತ್ತಿದ್ದ ಒಬ್ಬೊಬ್ಬನ ಮುಖವನ್ನು ಕಂಡರೂ ನನಗೆ ಆಗುತ್ತಿರಲಿಲ್ಲ. ನನ್ನ ಮುಖವೂ ಅವರದರ ಹಾಗೆಯೇ ಕಾಣುತ್ತಿರಬಹುದೆಂದು ಆಗ ಹೊಳೆದಿರಲಿಲ್ಲ.

ನಾನು ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದೆ. ಚುನಾವಣೆಗೆ ನಿಲ್ಲುವಂತಿರಲಿಲ್ಲ. ನಿಲ್ಲುವ ಆಸೆ ಮಾತ್ರ ಹೈಸ್ಕೂಲಿನಿಂದ ಇತ್ತು. ಎರಡು ಸಾವಿರದ ಇಸವಿ ಕಳೆದ ಮೇಲಿನ ಒಂದು ಚುನಾವಣೆಯಲ್ಲಿ ಕೋಡಿಬಾಗದ ನಮ್ಮ ವಾರ್ಡು ಮಹಿಳೆಯರಿಗೆ ಬಂತು. ನಾನು ಅಂದೇ ಸಂಜೆ ಹೆಂಡತಿಯ ಫೋಟೋ ತೆಗೆಸಿಕೊಂಡು ಬಂದೆ. ಅವಳನ್ನು ಕೇಳಿದೆನೋ ಇಲ್ಲವೋ ಎಂದು ಯಾರಾದರೂ ವಿಚಾರಿಸಿದ್ದರೆ ನಗುತ್ತಿದ್ದೆ. ಅವಳು ಅಂಕೋಲೆಯ ಬೆಳಂಬಾರದವಳು, ಹತ್ತನೇ ತರಗತಿ ಪಾಸಾದವಳು, ಕಡಿಮೆ ಮಾತಿನವಳು. ಕಡಿಮೆ ಮಾತಾಡುವವಳು ನನಗೆ ಅನುಕೂಲ ಎಂದೇ ಲೆಕ್ಕ ಹಾಕಿದ್ದೆ. ಭಾಷಣ ನಾನು ಬರೆದೆ, ಕರಪತ್ರ ನಾನು ಬರೆದೆ. ಅವಳು ಮನೆಮನೆಗೆ ಹೋಗಿ ಕೈಮುಗಿದಳು. ಅವಳಾಗಿಯೇ ಹೇಳಿದ್ದು ಒಂದೇ ಮಾತು. ಹೊಳೆಯ ದಂಡೆಯಲ್ಲಿ ನಮ್ಮ ಕೇರಿಗೆ ಒಂದು ಸಾರ್ವಜನಿಕ ಬಾವಿ ಇತ್ತು. ಬೇಸಿಗೆಯಲ್ಲಿ ಕಾಳಿ ಹೊಳೆಗೆ ಉಪ್ಪುನೀರು ಏರಿದಾಗ ಸುತ್ತಲಿನ ಬಾವಿಗಳೆಲ್ಲ ಉಪ್ಪಾಗುತ್ತಿದ್ದವು, ಅದೊಂದು ಮಾತ್ರ ಸಿಹಿ ಉಳಿಯುತ್ತಿತ್ತು. ಆ ಜಾಗ ಯಾರೋ ಕೊಳ್ಳುತ್ತಾರೆ, ಬಾವಿ ಮುಚ್ಚಿ ಅಂಗಡಿಸಾಲು ಕಟ್ಟುತ್ತಾರೆ ಎಂಬ ಸುದ್ದಿ ಹಬ್ಬಿತ್ತು. ಕೊಡ ಹಿಡಿದು ನಿಂತ ಹೆಂಗಸರಿಗೆ ಅವಳು, ‘ನಾನಿರೂ ತನಕ ಬಾವಿಗೆ ಕೈ ಹಚ್ಚೂಕೆ ಬಿಡೂದಿಲ್ಲ’ ಎಂದಿದ್ದಳು. ನನಗೆ ಸಿಟ್ಟು ಬಂದಿತ್ತು. ನಾನು ಬರೆದುಕೊಟ್ಟ ಕಾಗದದಲ್ಲಿ ಬಾವಿಯ ಮಾತೇ ಇರಲಿಲ್ಲ.

ಅವಳು ಪಕ್ಷೇತರಳಾಗಿ ಗೆದ್ದಳು. ‘ನಾವು ಗೆದ್ದೆವು’ ಎಂದು ನಾನು ಊರೆಲ್ಲ ಹೇಳಿಕೊಂಡು ತಿರುಗಿದೆ. ಅಂದಿನಿಂದ ಮನೆಯ ಫೋನು ಬಡಿದರೆ ನಾನೇ ಎತ್ತುತ್ತಿದ್ದೆ. ‘ಮೆಂಬರ್ ಅದಾರಾ?’ ಎಂದು ಕೇಳಿದರೆ, ‘ಹಾಂ, ಮಾತಾಡಿ’ ಎನ್ನುತ್ತಿದ್ದೆ. ಗಟಾರ ಕಟ್ಟಿದೆ, ಬೀದಿದೀಪ ಇಲ್ಲ, ನಾಯಿ ಸತ್ತು ಬಿದ್ದಿದೆ, ಎಲ್ಲವನ್ನೂ ನಾನೇ ಕೇಳಿಕೊಂಡು ನಾನೇ ಉತ್ತರ ಕೊಡುತ್ತಿದ್ದೆ. ಅವಳು ಒಳಗೆ ಮೀನು ಹೆಚ್ಚುತ್ತಲೋ ಸಂಜೆಯ ದೀಪಕ್ಕೆ ಬತ್ತಿ ಹೊಸೆಯುತ್ತಲೋ ಕೇಳಿಸಿಕೊಳ್ಳುತ್ತಿದ್ದಳು. ಕೇಳಿಸಿಕೊಂಡದ್ದನ್ನು ಮರೆಯುತ್ತಿರಲಿಲ್ಲ. ಮರುದಿನ ನಾನು ಕಚೇರಿಯಲ್ಲಿದ್ದಾಗ ಅವಳೇ ಆರೋಗ್ಯ ನಿರೀಕ್ಷಕನ ಹತ್ತಿರ ಹೋಗಿ ಸತ್ತ ನಾಯಿಯನ್ನು ತೆಗೆಸಿರುತ್ತಿದ್ದಳು. ಶಹಭಾಸ್ ಎಂದು ಜನ ನನ್ನ ಬೆನ್ನು ತಟ್ಟುತ್ತಿದ್ದರು. ನಾನು ತಟ್ಟಿಸಿಕೊಳ್ಳುತ್ತಿದ್ದೆ.

ಹೀಗೆ ಎರಡೂವರೆ ವರ್ಷ ಹೋಯಿತು. ಮೊದಲನೇ ಅವಧಿಯ ಅಧ್ಯಕ್ಷರ ಕಾಲ ಮುಗಿದು ಹೊಸ ಅಧ್ಯಕ್ಷರ ಚುನಾವಣೆ ಬಂತು. ಹುಬ್ಬಳ್ಳಿಯಂಥ ದೊಡ್ಡ ಊರಿನಲ್ಲಾದರೆ ಮೇಯರ್ ಎನ್ನುತ್ತಾರೆ. ನಮ್ಮದು ಅಷ್ಟು ದೊಡ್ಡದಲ್ಲ, ಅಧ್ಯಕ್ಷ ಅಂದರೆ ಸಾಕು. ಆದರೆ ನಮ್ಮ ಸಣ್ಣ ಊರಿನಲ್ಲಿ ಅದಕ್ಕೆ ನಡೆದ ಗುದ್ದಾಟ ಹುಬ್ಬಳ್ಳಿಯವರಿಗೂ ನಾಚಿಕೆ ತರುವಂಥದ್ದು. ಈ ಸಲ ಗಾದಿ ಮಹಿಳೆಗೆ ಎಂದು ಸರಕಾರದಿಂದ ಪಟ್ಟಿ ಬಂತು. ಒಂದು ಕಡೆ ಒಬ್ಬ ಕಂತ್ರಾಟುದಾರನ ಹೆಂಡತಿ. ಊರಿನ ಅರ್ಧ ಗಟಾರ ಕಟ್ಟಿದವನು ಅವನು, ಅದರಲ್ಲಿ ಮುಕ್ಕಾಲು ಪಾಲು ಮಳೆಗಾಲಕ್ಕೆ ಒಡೆದಿತ್ತು. ಇನ್ನೊಂದು ಕಡೆ ನಮ್ಮ ಕೋಡಿಬಾಗದ ಶಾಲೆಯಿಂದ ನಿವೃತ್ತರಾದ ಒಬ್ಬ ಅಕ್ಕೋರು. ನನ್ನ ಮಗಳಿಗೂ ಲೆಕ್ಕ ಕಲಿಸಿದವರು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು, ಹಾಗಾಗಿ ಕಟ್ಟೆಯ ಮೇಲೆ ಅವರ ಪರವಾಗಿ ಕೂರುವವರು ಯಾರೂ ಇರಲಿಲ್ಲ. ಎರಡೂ ಕಡೆ ಕೈಗಳನ್ನು ಎಣಿಸಿದರು. ಸರಿಸಮ ಬಂತು. ಉಳಿದದ್ದು ಒಂದೇ ಕೈ, ನನ್ನ ಹೆಂಡತಿಯದು.

ಆ ವಾರ ನನ್ನ ಕಾಲು ನೆಲಕ್ಕೆ ಹತ್ತಲಿಲ್ಲ. ಇಪ್ಪತ್ತು ವರ್ಷ ನನ್ನನ್ನು ಕಂಡರೂ ಕಾಣದ ಹಾಗೆ ಹೋಗುತ್ತಿದ್ದವರು ಮೀನುಪೇಟೆಯಲ್ಲಿ ನಿಂತು ಮಾತಾಡಿಸಿದರು. ಕಂತ್ರಾಟುದಾರ ಒಂದು ಭಾನುವಾರ ಬೆಳಿಗ್ಗೆ ಮನೆಗೇ ಬಂದ. ದೊಡ್ಡದೊಂದು ಇಸವಣ ಮೀನನ್ನು ಡ್ರೈವರನ ಕೈಯಲ್ಲಿ ಹಿತ್ತಿಲಿಗೆ ಕಳಿಸಿ, ಕುರ್ಚಿಯ ಮೇಲೆ ಕಾಲು ಮಡಚಿ ಕೂತ. ಹೆಂಡತಿ ಚಾ ತಂದಿಟ್ಟಳು. ಯಾರ ಕೈ ಬೇಕಿತ್ತೋ ಅವಳನ್ನು ಅವನು ಕಣ್ಣೆತ್ತಿಯೂ ನೋಡಲಿಲ್ಲ.

‘ಅರೇ ಬಾಬಾ, ನಿಮ್ಮ ಕೈ ನಮ್ಗೆ ಬೇಕು,’ ಎಂದ ನನಗೆ. ‘ನಮ್ಮ ಮನೆಯವ್ರು ಅಧ್ಯಕ್ಷರು, ನಿಮ್ಮ ಮನೆಯವ್ರು ಉಪಾಧ್ಯಕ್ಷರು. ರೂಮು ಬೇರೆ, ಬೋರ್ಡು ಬೇರೆ. ನೀವು ಬಂದು ಕೂತ್ಕಳಿ, ಯಾರು ಕೇಳ್ತಾರೆ?’

ಬೇರೆ ರೂಮು ಅಂದದ್ದೇ ನನ್ನ ತಲೆಗೆ ಏರಿತು. ಆ ರೂಮನ್ನು ನಾನು ನೋಡಿದ್ದೆ. ಹಸಿರು ಬಟ್ಟೆ ಹಾಸಿದ ಮೇಜು, ಮೇಲೆ ಒಂದು ಗಂಟೆ, ಒತ್ತಿದರೆ ಜವಾನ ಬರುತ್ತಾನೆ. ಇಪ್ಪತ್ತು ವರ್ಷ ಬೇರೆಯವರು ಗಂಟೆ ಒತ್ತಿದಾಗ ಎದ್ದು ಓಡಿದವನು ನಾನು. ಬಾವಿಯ ಜಾಗ ಕೊಳ್ಳಲು ಹೊರಟವನು ಇದೇ ಮನುಷ್ಯ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಬಾವಿಯ ಮಾತನ್ನು ನಾನು ಎತ್ತಲಿಲ್ಲ. ‘ಆಯ್ತು, ನಮ್ಮ ಕೈ ನಿಮ್ಮದೇ’ ಎಂದೆ.

ಅವನು ಹೋದ ಮೇಲೆ ಅವಳು ಖಾಲಿ ಕಪ್ಪುಗಳನ್ನು ಎತ್ತುತ್ತ, ‘ಆ ಮೀನು ವಾಪಸು ಕಳ್ಸಿ’ ಎಂದಳು.

‘ಎಂತಕ್ಕೆ?’

‘ನಾ ಅದ್ನ ಹೆಚ್ಚೂದಿಲ್ಲ.’

ನಾನೇ ಹೆಚ್ಚಿದೆ, ನಾನೇ ಸಾರು ಮಾಡಿದೆ, ಒಬ್ಬನೇ ತಿಂದೆ. ಉಪ್ಪು ಜಾಸ್ತಿಯಾಗಿತ್ತು. ಅವಳು ಗಂಜಿಗೆ ಉಪ್ಪಿನಕಾಯಿ ಹಾಕಿಕೊಂಡು ಉಂಡಳು. ಆ ದಿನದಿಂದ ನಮ್ಮ ನಡುವೆ ಬೇಕಾದಷ್ಟೇ ಮಾತು.

ಎರಡು ದಿನ ಬಿಟ್ಟು ಅಕ್ಕೋರು ಬಂದರು. ಕೊಡೆ ಮಡಚಿ ಬಾಗಿಲಿಗೆ ಒರಗಿಸಿ, ‘ಮೆಂಬರ್ ಅದಾರಾ?’ ಎಂದರು.

‘ಹೇಳಿ ಅಕ್ಕೋರೇ,’ ಎಂದೆ, ಫೋನಿನಲ್ಲಿ ಹೇಳುವ ಹಾಗೆ.

‘ನಿಮ್ಮ ಹತ್ರ ಅಲ್ಲ, ಮೆಂಬರ್ ಹತ್ರ,’ ಎಂದರು ಅವರು, ಲೆಕ್ಕ ತಪ್ಪಿದ ಹುಡುಗನನ್ನು ನೋಡುವ ಹಾಗೆ ನೋಡಿ. ನನ್ನ ಮನೆಯ ಹೊಸಿಲಿನಲ್ಲಿ ನನಗೇ ಆ ಮಾತು! ಆ ಹೆಂಗಸನ್ನು ಅಲ್ಲಿಂದಲೇ ಓಡಿಸಬೇಕು ಅನ್ನಿಸಿತು. ಅಷ್ಟರಲ್ಲಿ ಹೆಂಡತಿ ಹೊರಗೆ ಬಂದು ಅವರನ್ನು ಹಿತ್ತಿಲಿಗೆ ಕರೆದುಕೊಂಡು ಹೋದಳು. ಹತ್ತು ನಿಮಿಷ ಮಾತಾಡಿರಬಹುದು. ನಾನು ಕಿಟಕಿಯ ಹತ್ತಿರ ನಿಂತು ಕಿವಿಗೊಟ್ಟೆ, ಏನೂ ಕೇಳಲಿಲ್ಲ.

‘ಎಂತಾ ಕೊಡ್ತೆ ಅಂದ್ರು ಅಕ್ಕೋರು?’ ಎಂದು ಆಮೇಲೆ ಕೇಳಿದೆ.

‘ಎಂತಾದೂ ಇಲ್ಲ.’

‘ಮತ್ತೆ ಎಂತಾ ಕೇಳಿದ್ರು?’

‘ಬಾವಿದು ಎಂತಾ ಮಾಡ್ವಾ, ನಿಂಗೆ ಎಂತಾ ಅನ್ನಿಸ್ತದೆ ಅಂತ ಕೇಳಿದ್ರು.’

ಅಷ್ಟಕ್ಕೆ ಅವಳ ಮುಖ ಅರಳಿದ್ದು ಕಂಡು ನನಗೆ ಹೊಟ್ಟೆ ಉರಿಯಿತು. ಹೀಗೆ ಬಿಟ್ಟರೆ ಕೈ ತಪ್ಪಿಹೋಗುತ್ತದೆ ಎಂದು ಗೊತ್ತಾಯಿತು.

ಚುನಾವಣೆ ಹತ್ತಿರ ಬಂದಂತೆ ಸದಸ್ಯರನ್ನು ಬಚ್ಚಿಡುವ ಕೆಲಸ ಶುರುವಾಯಿತು. ಕಂತ್ರಾಟುದಾರ ತನ್ನ ಕಡೆಯವರನ್ನೆಲ್ಲ ಗೋವಾದ ಒಂದು ಹೋಟೆಲಿಗೆ ಸಾಗಿಸಿದ. ಅಲ್ಲಿ ಅವರು ತಿಂದರು, ಕುಡಿದರು, ಸಮುದ್ರದಲ್ಲಿ ಮಿಂದರು. ನಮ್ಮ ಎದುರಿಗೇ ಸಮುದ್ರವಿರುವಾಗ ಮೀಯಲು ಗೋವಾಕ್ಕೆ ಯಾಕೆ ಹೋಗಬೇಕೋ ದೇವರಿಗೇ ಗೊತ್ತು. ನನ್ನ ಹೆಂಡತಿ ಬರುವುದಿಲ್ಲ ಎಂದಳು. ಬೈದೆ, ಬೇಡಿಕೊಂಡೆ, ಆಗಲಿಲ್ಲ. ಕೊನೆಗೆ ಕಂತ್ರಾಟುದಾರನೇ, ‘ಅವ್ರ ತವರಿಗೆ ಕರ್ಕಂಡು ಹೋಗಿ ಕೂತ್ಕಳಿ, ಬೇರೆಯವರ ಕೈಗೆ ಸಿಗದಿದ್ರೆ ಸಾಕು’ ಎಂದ. ನಾನು ಕಚೇರಿಗೆ ರಜೆ ಹಾಕಿದೆ. ಇಬ್ಬರೂ ಅಂಕೋಲೆಯ ಬಸ್ಸು ಹತ್ತಿದೆವು. ಬೇಲೆಕೇರಿ ಬಂದರಿನ ತಿರುವಿನಲ್ಲಿ ಅದಿರಿನ ಲಾರಿಗಳು ಸಾಲುಗಟ್ಟಿ ನಿಂತು ಬಸ್ಸು ಒಂದು ತಾಸು ಅಲ್ಲಾಡಲಿಲ್ಲ. ರಸ್ತೆಬದಿಯ ಗಿಡಗಳೆಲ್ಲ ಕೆಂಪು ಧೂಳು ಹೊದ್ದು ನಿಂತಿದ್ದವು. ಅವಳು ಸೆರಗಿನಿಂದ ಮೂಗು ಮುಚ್ಚಿಕೊಂಡು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಕೈದಿಯನ್ನು ಕರೆದೊಯ್ಯುವ ಪೊಲೀಸಿನವನ ಹತ್ತಿರವೂ ಕೈದಿ ಒಂದೆರಡು ಮಾತಾಡುತ್ತಾನೆ. ಅವಳು ಅದನ್ನೂ ಆಡಲಿಲ್ಲ.

ಬೆಳಂಬಾರದ ಮನೆಯಲ್ಲಿ ಅವಳ ಅಣ್ಣ ಮತ್ತು ಅತ್ತಿಗೆ ಇದ್ದರು. ಅಣ್ಣ ಬೆಳಿಗ್ಗೆ ಗದ್ದೆಗೆ ಹೋದರೆ ಮಧ್ಯಾಹ್ನಕ್ಕೆ ಬರುವ ಮನುಷ್ಯ, ಈ ವಿಷಯಕ್ಕೆ ತಲೆ ಹಾಕಲಿಲ್ಲ. ಅತ್ತಿಗೆ ಹಾಗಲ್ಲ. ನಾನು ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು ಕೂತದ್ದು ನೋಡಿ, ‘ಬಾವ, ನಮ್ಮ ಮನೆಗೆ ನಾಯಿ ಇಲ್ಲ ಅಂತ ಕಾವಲಿಗೆ ಬಂದ್ರಾ?’ ಎಂದಳು. ನಾದಿನಿ–ಅತ್ತಿಗೆ ಇಬ್ಬರೂ ಒಳಗೆ ನಕ್ಕರು. ನಾನು ಆ ಕುರ್ಚಿಯಿಂದ ಏಳಲಿಲ್ಲ. ಮಾವಿನ ಕಾಲ. ಮನೆಯೆಲ್ಲ ಕರಿ ಇಶಾಡು ಹಣ್ಣಿನ ವಾಸನೆ. ಅವಳು ತವರಿನ ಹಣ್ಣು ತಿನ್ನುತ್ತ, ಅತ್ತಿಗೆಯ ತಲೆ ಬಾಚುತ್ತ, ಹುಡುಗಿಯ ಹಾಗೆ ಓಡಾಡಿಕೊಂಡಿದ್ದಳು. ನನ್ನ ಎದುರಿಗೆ ಬಂದಾಗ ಮಾತ್ರ ಮುಖ ಬಿಗಿಯುತ್ತಿತ್ತು.

ಚುನಾವಣೆಯ ಹಿಂದಿನ ದಿನ ಕಂತ್ರಾಟುದಾರನ ಫೋನು ಬಂತು. ಮಧ್ಯಾಹ್ನ ಗೋವಾದಿಂದ ಎಲ್ಲರನ್ನೂ ಕರೆದುಕೊಂಡು ಅಂಕೋಲೆಗೆ ಬರುತ್ತಿದ್ದೇನೆ, ಊರ ಹೊರಗಿನ ದೇವಿಯ ಗುಡಿಯಲ್ಲಿ ಕಾಯಿ ಮುಟ್ಟಿಸುತ್ತೇನೆ, ನಿಮ್ಮ ಮನೆಯವರನ್ನೂ ಕರೆತನ್ನಿ ಎಂದ. ನಮ್ಮ ಕಡೆ ಮಾತು ಕಟ್ಟುವುದು ಹೀಗೆ. ಗುಡಿಯಲ್ಲಿ ದೇವಿಯ ಮುಂದೆ ತೆಂಗಿನಕಾಯಿ ಇಟ್ಟು ಪೂಜೆ ಮಾಡುವ ಗುನಗ ಮಾತು ಹೇಳುತ್ತಾನೆ, ಒಬ್ಬೊಬ್ಬರೂ ಅದನ್ನು ಮುಟ್ಟುತ್ತಾರೆ. ಮುಟ್ಟಿದ ಮೇಲೆ ಮಾತು ತಪ್ಪಿದರೆ ಮನೆಗೆ ಕೇಡು. ದುಡ್ಡು ತಿಂದು ಪಕ್ಷ ಬಿಡುವವರೂ ಕಾಯಿ ಮುಟ್ಟಿ ಮಾತು ಬಿಡುವುದಿಲ್ಲ. ನಾನೂ ಅದನ್ನು ನಂಬಿದವನೇ. ಅವಳು ನನಗಿಂತ ಹೆಚ್ಚು ನಂಬಿದವಳು.

‘ಹೊರಡು, ಗುಡಿಗೆ ಹೋಗ್ಬೇಕು’ ಎಂದೆ. ವಿಷಯ ಹೇಳಿದೆ.

ಅವಳು ಅತ್ತಿಗೆಯ ಕಡೆ ಒಮ್ಮೆ ನೋಡಿದಳು. ಆಮೇಲೆ ನೆಲ ನೋಡುತ್ತ, ‘ನಂಗೆ ಬರೂಕಾಗೂದಿಲ್ಲ. ನಾ ಹೊರಗೆ’ ಎಂದಳು.

ಹೊರಗೆ ಅಂದರೆ ಮುಟ್ಟಿನ ದಿನ. ಆ ಮೂರು ದಿನ ನಮ್ಮಲ್ಲಿ ಹೆಂಗಸರು ಗುಡಿಗೆ ಹೋಗುವುದಿಲ್ಲ, ದೇವರ ಕೋಣೆಗೂ ಕಾಲಿಡುವುದಿಲ್ಲ. ಕಾರವಾರದ ಮನೆಯಲ್ಲಿ ಆಗಲೂ ಅಡುಗೆ ಅವಳದೇ, ಆ ಮೂರು ಸಂಜೆ ದೇವರ ದೀಪ ಹಚ್ಚುವ ಕೆಲಸ ಮಾತ್ರ ನನ್ನದು, ಮದುವೆಯಾದಾಗಿನಿಂದ ನಡೆದು ಬಂದದ್ದು. ಅದಕ್ಕೆ ಎದುರಾಡುವಂತಿಲ್ಲ. ‘ಇವತ್ತೇ ಆಗ್ಬೇಕಿತ್ತಾ?’ ಎಂದು ಹಲ್ಲು ಕಡಿದೆ. ಅತ್ತಿಗೆ ಬಾಯಿಗೆ ಸೆರಗು ಒತ್ತಿಕೊಂಡು ಅಡುಗೆಮನೆಗೆ ಓಡಿದಳು. ಗಂಡಸು ಇಂಥ ಮಾತಾಡಿದ್ದಕ್ಕೆ ನಾಚಿಕೊಂಡಳು ಎಂದುಕೊಂಡೆ.

ಗುಡಿಗೆ ನಾನೊಬ್ಬನೇ ಹೋದೆ. ಎರಡು ವಾಹನಗಳಲ್ಲಿ ಸದಸ್ಯರು ಬಂದಿದ್ದರು, ಗೋವಾದ ಊಟ-ಕುಡಿತಕ್ಕೆ ಮುಖ ಬಾತುಕೊಂಡು. ಮೊದಲು ಪ್ರಸಾದ ಕೇಳುವುದಾಯಿತು, ಅಂದರೆ ದೇವಿಯ ಒಪ್ಪಿಗೆ. ಗುನಗ ದೇವಿಯ ಕಲ್ಲಿಗೆ ಎರಡೂ ಬದಿ ಹೂವಿನ ಎಸಳನ್ನು ನೀರು ಹಚ್ಚಿ ಅಂಟಿಸಿ, ‘ಕೆಲಸ ಆಗೂದಾದ್ರೆ ಬಲಕ್ಕೆ ಕೊಡು ತಾಯೇ’ ಎಂದ. ಎಡದ ಎಸಳು ಬಿತ್ತು. ಕಂತ್ರಾಟುದಾರ ಮತ್ತೆ ಕೇಳು ಎಂದ. ಮತ್ತೆ ಎಡದ್ದೇ ಬಿತ್ತು. ‘ನೀರು ಹೆಚ್ಚಾಯ್ತು, ಸರಿ ಹಚ್ಚು ಮಾರಾಯಾ’ ಎಂದು ಗದರಿಸಿದ. ಮೂರನೇ ಸಲ ಬಲದ್ದು ಬಿತ್ತು. ಎಲ್ಲರೂ ಕೈಮುಗಿದೆವು. ದೇವಿಗೂ ಸಾಕಾಗಿರಬೇಕು.

ಆಮೇಲೆ ಕಾಯಿ. ‘ಈ ಕಾಯಿ ಮುಟ್ಟಿದ ಕೈ ನಾಳೆ ಬೇರೆ ಬದಿಗೆ ಏಳೂಕಾಗ’ ಎಂದು ಗುನಗ ಹೇಳಿದ. ಒಬ್ಬೊಬ್ಬರೇ ಮುಟ್ಟಿದರು. ನನ್ನ ಸರದಿ ಬಂದಾಗ ಗುನಗ ತಡೆದ.

‘ಇವ್ರು ಮೆಂಬರ್ ಅಲ್ಲಲ್ಲ?’

‘ಅವ್ರ ಹೆಂಡ್ತಿ ಮೆಂಬರು. ಹೊರಗಾಗಿದಾರೆ,’ ಎಂದ ಕಂತ್ರಾಟುದಾರ.

‘ಕೈ ಎತ್ತೋರು ಅವ್ರು, ಕಾಯಿ ಮುಟ್ಟೋರು ಇವ್ರು. ತಾಯಿ ಒಪ್ತಾಳೋ ಇಲ್ಲೋ ನಂಗೆ ಗೊತ್ತಿಲ್ಲ,’ ಎಂದು ಗುನಗ ಹಿಂದೆ ಸರಿದ.

‘ಅರೇ ಬಾಬಾ, ಗಂಡ ಹೆಂಡ್ತಿ ಅಂದ್ರೆ ಬೇರೆ ಬೇರೆಯಾ? ಮುಟ್ಸು ನೀನು.’

ಒಬ್ಬ ಬಡಪಾಯಿ ಗುನಗ ನನ್ನನ್ನು ಅಷ್ಟು ಜನರ ಎದುರು ತಡೆದದ್ದು ನನಗೆ ದೊಡ್ಡ ಅವಮಾನವಾಯಿತು. ‘ನನ್ನ ಹೆಂಡ್ತಿ ನಾ ಹೇಳಿದ್ದು ದಾಟೂದಿಲ್ಲ’ ಎಂದು ಗಟ್ಟಿಯಾಗಿ ಹೇಳಿ, ಅವನು ಹೂಂ ಅನ್ನುವ ಮೊದಲೇ ಬಲಗೈಯನ್ನು ಕಾಯಿಯ ಮೇಲೆ ಇಟ್ಟೆ. ಹಿಂದೆ ಯಾರೋ ‘ಭಲೇ’ ಎಂದರು.

ಸಂಜೆ ಬೆಳಂಬಾರಕ್ಕೆ ಮರಳಿ, ‘ನಿನ್ನ ಪರವಾಗಿ ನಾನು ಮುಟ್ಟಿ ಬಂದೆ’ ಎಂದು ಅವಳಿಗೆ ತಿಳಿಸಿದೆ. ಅವಳು ಹಿತ್ತಿಲ ಜಗುಲಿಯಲ್ಲಿ ಬೇರೆ ಚಾಪೆ ಹಾಕಿಕೊಂಡು, ಬೇರೆ ಬಾಳೆಲೆಯಲ್ಲಿ ಉಣ್ಣುತ್ತಿದ್ದಳು.

‘ಗುನಗ ಎಂತಾ ಮಾತು ಹೇಳ್ದ?’ ಎಂದು ಕೇಳಿದಳು. ಹೇಳಿದೆ. ಇನ್ನೊಮ್ಮೆ ಹೇಳಿ ಎಂದಳು. ಇನ್ನೊಮ್ಮೆ ಹೇಳಿದೆ. ತಲೆಯಾಡಿಸಿ ಉಣ್ಣತೊಡಗಿದಳು. ಅಂತೂ ದಾರಿಗೆ ಬಂದಳು ಎಂದು ನಾನು ಆ ರಾತ್ರಿ ಒಳ್ಳೆಯ ನಿದ್ದೆ ಮಾಡಿದೆ.

ಮರುದಿನ ಹನ್ನೊಂದಕ್ಕೆ ಸಭೆ. ಚುನಾವಣೆ ನಡೆಸುವ ಅಧಿಕಾರಿ ಸದಸ್ಯರನ್ನು ಬಿಟ್ಟು ಉಳಿದವರನ್ನೆಲ್ಲ ಹೊರಗೆ ಹಾಕಿದರು. ನಾವು ಗಂಡಂದಿರು ಕಟ್ಟೆ ಬಿಟ್ಟು ಕಿಟಕಿಗೆ ಮುತ್ತಿಕೊಂಡೆವು. ಕಂತ್ರಾಟುದಾರ ನನ್ನ ಹೆಗಲ ಮೇಲೆ ಕೈ ಹಾಕಿ ನಿಂತಿದ್ದ. ಅವನ ಬೆವರು ನನ್ನ ಅಂಗಿಗೆ ಹತ್ತುತ್ತಿತ್ತು. ‘ಇನ್ನು ಹತ್ತು ನಿಮಿಷಕ್ಕೆ ನಾನು ಈ ಊರಿನ ಮೇಯರ್’ ಎಂದ. ತನ್ನ ಹೆಂಡತಿ ಎಂದು ಬಾಯಿತಪ್ಪಿಯೂ ಅನ್ನಲಿಲ್ಲ. ನನ್ನ ಹೆಂಡತಿ ಎರಡನೇ ಸಾಲಿನಲ್ಲಿ ಕಿಟಕಿಗೆ ಬೆನ್ನು ಮಾಡಿ ಕೂತಿದ್ದಳು. ಮುಡಿಯಲ್ಲಿ ಹೂವು ಇತ್ತು. ಹೊರಗಾದವಳು ಹೂವು ಮುಡಿಯುವುದಿಲ್ಲ. ಅದನ್ನು ನೋಡಿದೆ, ಆದರೆ ತಲೆಗೆ ಹೋಗಲಿಲ್ಲ.

ಮೊದಲು ಕಂತ್ರಾಟುದಾರನ ಹೆಂಡತಿಯ ಹೆಸರು ಓದಿ, ಪರವಾಗಿರುವವರು ಕೈ ಎತ್ತಿ ಎಂದರು. ಕೈಗಳು ಎದ್ದವು. ಅವಳ ಕೈ ಮಡಿಲಲ್ಲೇ ಇತ್ತು. ಕೇಳಿಸಿಲ್ಲವೇನೋ ಎಂದುಕೊಂಡೆ. ಕಿಟಕಿಯಿಂದ ಹೆಸರು ಹಿಡಿದು ಕೂಗಿದೆ. ಅಧಿಕಾರಿ ಕನ್ನಡಕದ ಮೇಲಿಂದ ನೋಡಿ, ‘ಯಾರ್ರೀ ಅದು? ಆ ಗಂಡಸನ್ನ ಆಚೆ ಕಳ್ಸಿ’ ಎಂದರು. ಅವಳು ತಿರುಗಿಯೂ ನೋಡಲಿಲ್ಲ. ಪೊಲೀಸಿನವನು ನನ್ನ ರಟ್ಟೆ ಹಿಡಿದು ಎಳೆಯುತ್ತಿದ್ದಾಗ ಅಕ್ಕೋರ ಹೆಸರು ಓದಿದರು. ಅವಳ ಬಲಗೈ ಎದ್ದಿತು. ಅವಸರವಿಲ್ಲದೆ, ಅಡುಗೆಮನೆಯ ನಾಗೊಂದಿಗೆಯ ಮೇಲಿನ ಡಬ್ಬ ತೆಗೆಯುವಾಗ ಎತ್ತುವ ಹಾಗೆ. ಎಣಿಸಿ ಮುಗಿಯುವ ತನಕ ಇಳಿಯಲಿಲ್ಲ.

ಆಮೇಲೆ ನನಗೆ ಬಿದ್ದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. ಕಂತ್ರಾಟುದಾರ ನನ್ನ ಕಾಲರ್ ಹಿಡಿದ. ‘ದೇವಿ ಮುಂದೆ ಮುಟ್ಟಿ ಬಂದವ್ನಲ್ವೇನೋ ನೀನು!’ ಎಂದ. ಭಲೇ ಅಂದವರೇ ಥೂ ಅಂದರು. ಕಟ್ಟೆಯ ಮೇಲಿನ ಗಂಡಂದಿರು ನನ್ನನ್ನು ನೋಡಿ ನಕ್ಕ ನಗು ಈಗಲೂ ಕಿವಿಯಲ್ಲಿದೆ. ಒಬ್ಬ, ‘ಹೆಂಡ್ತೀನ ಹಿಡಿತದಲ್ಲಿಟ್ಕಳೂಕೆ ಬರೂದಿಲ್ಲ, ರಾಜಕಾರಣಕ್ಕೆ ಬಂದ’ ಎಂದ. ಅವನ ಹಲ್ಲು ಉದುರಿಸಬೇಕು ಅನ್ನಿಸಿತು. ಅಷ್ಟರಲ್ಲಿ ಅವಳು ಹೊರಗೆ ಬಂದು, ಯಾರನ್ನೂ ನೋಡದೆ, ರಸ್ತೆ ದಾಟಿ ಕೋಡಿಬಾಗದ ಕಡೆ ನಡೆದುಹೋದಳು.

ನಾನು ಮನೆಗೆ ಹೋದದ್ದು ಸಂಜೆಗೆ. ಅಲ್ಲಿಯವರೆಗೆ ಸಮುದ್ರದ ದಂಡೆಯಲ್ಲಿ ತಿರುಗಿದೆ, ಏನೇನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತ. ಕಂತ್ರಾಟುದಾರನಿಗಿಂತ ಹೆಚ್ಚು ಹೆದರಿಕೆ ದೇವಿಯದಿತ್ತು. ಬಲಗೈ ಸುಮ್ಮಸುಮ್ಮನೆ ಜೋಮು ಹಿಡಿದಂತೆ ಆಗುತ್ತಿತ್ತು. ಮನೆಯ ಮೆಟ್ಟಿಲು ಹತ್ತುವಾಗ ಒಳಗೆ ನಾಲ್ಕೈದು ಹೆಂಗಸರ ದನಿ ಕೇಳಿತು, ಬಾವಿಗೆ ಬರುವವರೇ. ನನ್ನನ್ನು ಕಂಡು ಒಬ್ಬೊಬ್ಬರೇ ಎದ್ದು ಹೋದರು.

‘ಮನೆ ಹಾಳು ಮಾಡ್ದೆ ನೀನು,’ ಎಂದು ಶುರುಮಾಡಿದೆ. ‘ದೇವಿ ಮುಂದೆ ಕೊಟ್ಟ ಮಾತು! ಈ ಮನೆಗೆ ಎಂತಾದ್ರೂ ಆದ್ರೆ ನೀನೇ ಹೊಣೆ.’

‘ಮಾತು ಎಂತಾದು? ಕಾಯಿ ಮುಟ್ಟಿದ ಕೈ ಬೇರೆ ಬದಿಗೆ ಏಳೂಕಾಗ ಅಂತ ತಾನೆ?’ ಎಂದಳು. ‘ಎರಡು ಸಲ ಕೇಳಿದ್ನಲ್ಲ ನಿಮ್ಮ ಹತ್ರ. ಮುಟ್ಟಿದ್ದು ನಿಮ್ಮ ಕೈ. ಅದು ಎಲ್ಲೂ ಏಳ್ಲಿಲ್ಲ. ನಿಮ್ಮ ಕೈ ಎತ್ತಿ ಅಂತ ಅಲ್ಲಿ ಯಾರೂ ಕೇಳ್ಲೂ ಇಲ್ಲ.’

ನನಗೆ ಸಿಟ್ಟು ಇನ್ನೂ ಏರಿತು. ಹೊರಗೆ ಮಬ್ಬು ಕವಿಯುತ್ತಿತ್ತು. ಅವಳು ಮಾತು ಮುಗಿಯಿತೆಂಬಂತೆ ಎದ್ದು, ಕಾಲು ತೊಳೆದು, ದೇವರ ಕೋಣೆಯ ಕಡೆ ಹೊರಟಳು. ನನಗೆ ಬೇಕಾದದ್ದು ಸಿಕ್ಕಿತು.

‘ನಿಲ್ಲು! ಹೊರಗಾದವಳು ದೇವರ ಕೋಣೆಗೆ ಹೋಗ್ತ್ಯಾ? ಅಷ್ಟೂ ಭಯ ಇಲ್ವಾ ನಿಂಗೆ?’

ಅವಳು ನಿಂತಳು. ತಿರುಗಿ ನನ್ನನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟು ಇರಲಿಲ್ಲ, ಇದ್ದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ.

‘ನಂಗೆ ನಿಂತು ಎರಡು ವರ್ಷದ ಮೇಲಾಯ್ತು,’ ಎಂದಳು. ‘ಮೆಂಬರ್ ಆದ ವರ್ಷವೇ ನಿಂತದೆ. ಅತ್ತಿಗೆಗೆ ಗೊತ್ತದೆ, ಮಗಳಿಗೆ ಗೊತ್ತದೆ, ಅಕ್ಕೋರಿಗೂ ಗೊತ್ತದೆ. ನಿಮಗೆ ಗೊತ್ತಿಲ್ಲ ಅಂತ ನಂಗೆ ಖಾತ್ರಿ ಇತ್ತು. ಅದ್ಕೇ ಹೇಳ್ದೆ.’

ಅವಳು ದೇವರ ಕೋಣೆಯ ಕಡೆ ಕೈ ತೋರಿಸಿದಳು.

‘ಕಡೇ ಸಲ ನೀವು ದೀಪ ಹಚ್ಚಿದ್ದು ಯಾವಾಗ, ಹೇಳಿ ನೋಡ್ವ?’

ನೆನಪು ಮಾಡಿಕೊಂಡೆ. ಚೌತಿಗೆ? ಅದಕ್ಕೂ ಹಿಂದಿನ ಚೌತಿಗೆ? ತಿಂಗಳಿಗೆ ಮೂರು ಸಂಜೆ ಮಾಡುತ್ತಿದ್ದ ಕೆಲಸ ನಿಂತುಹೋಗಿ ಎರಡು ವರ್ಷದ ಮೇಲಾಗಿತ್ತು. ಅಷ್ಟು ಸಂಜೆ ನಾನು ಈ ಮನೆಯಲ್ಲೇ ಫೋನಿನ ಪಕ್ಕ ಕೂತು ‘ಹಾಂ, ಮಾತಾಡಿ’ ಎನ್ನುತ್ತಿದ್ದೆ. ಒಂದೇ ಒಂದು ಸಂಜೆ, ಈ ತಿಂಗಳು ನಾನು ದೀಪ ಹಚ್ಚಲೇ ಇಲ್ಲವಲ್ಲ ಎಂದು ಅನ್ನಿಸಿರಲಿಲ್ಲ. ಆ ದಿನಗಳಲ್ಲಿ ಅವಳಿಗೆ ಮೈ ಕಾದದ್ದು, ನಿದ್ದೆ ಬಾರದೆ ಜಗುಲಿಯಲ್ಲಿ ಕೂತದ್ದು, ಮಗಳು ಕುಮಟೆಯಿಂದ ಬಂದು ಡಾಕ್ಟರ ಹತ್ತಿರ ಕರೆದುಕೊಂಡು ಹೋದದ್ದು ಈಗ ಒಂದೊಂದಾಗಿ ನೆನಪಿಗೆ ಬಂತು. ಏನಾಯಿತು ಎಂದು ನಾನು ಕೇಳುವುದಿರಲಿ, ಆ ವಾರ ಅವಳು ಸಭೆಗೆ ಹೋಗದಿದ್ದರೆ ಹೇಗೆ ಎಂದು ರೇಗಿದ್ದೆ.

ಅಕ್ಕೋರು ಅಧ್ಯಕ್ಷರಾಗಿ ಬಾವಿಗೆ ಕಟ್ಟೆ ಕಟ್ಟಿಸಿದರು. ಬಾವಿ ಈಗಲೂ ಇದೆ. ಅದರ ಪಕ್ಕ ಹೋಗುವಾಗ ನನಗೆ ಇವತ್ತಿಗೂ ಹಲ್ಲು ಬಿಗಿಯುತ್ತದೆ, ಸುಳ್ಳು ಹೇಳುವುದಿಲ್ಲ. ಅವಳು ಆಡಿದ ಆಟಕ್ಕೆ ನಾನು ಅವಳನ್ನು ಪೂರ್ತಿ ಕ್ಷಮಿಸಿಲ್ಲ. ಅವಳೂ ನನ್ನನ್ನು ಕ್ಷಮಿಸಿದ್ದೇನೆಂದು ಎಂದೂ ಹೇಳಿಲ್ಲ. ದೇವಿ ಮಾತ್ರ ಏನೂ ಮಾಡಲಿಲ್ಲ. ನನ್ನ ಬಲಗೈಯ ಜೋಮು ನಾಲ್ಕು ದಿನಕ್ಕೆ ಹೋಯಿತು.

ಆ ಸಂಜೆ ಅವಳು ದೇವರ ಕೋಣೆಗೆ ಹೋಗಲಿಲ್ಲ. ಹೊಸಿಲಿನಿಂದ ಹಿಂದೆ ಸರಿದು, ‘ಹೊರಗೆ ಅಂದದ್ದು ಅಂದಾಯ್ತು. ಇನ್ನೆರಡು ದಿನ ಬಾಕಿ ಅದೆ. ನೀವೇ ಹಚ್ಚಿ’ ಎಂದು ಅಡುಗೆಮನೆಗೆ ನಡೆದಳು. ನಾನು ಕಾಲು ತೊಳೆದು ಒಳಗೆ ಹೋದೆ. ಕತ್ತಲಾಗಿತ್ತು. ಬತ್ತಿಯ ಡಬ್ಬಿ ಮೊದಲು ಬಲಗಡೆ ಗೂಡಿನಲ್ಲಿ ಇರುತ್ತಿತ್ತು, ಕೈ ಹಾಕಿದೆ, ಅಲ್ಲಿರಲಿಲ್ಲ. ಎಣ್ಣೆಯ ಗಿಂಡಿ ಇದ್ದ ಜಾಗದಲ್ಲಿ ಬೇರೆ ಏನೋ ಇತ್ತು. ಕಡ್ಡಿಪೆಟ್ಟಿಗೆಯೂ ಸಿಗಲಿಲ್ಲ. ನನ್ನದೇ ಮನೆಯ ದೇವರ ಎದುರು ಕುರುಡನ ಹಾಗೆ ತಡಕಾಡಿ ಸೋತು, ಅಷ್ಟು ದಿನದಲ್ಲಿ ಮೊದಲ ಸಲ ದನಿ ತಗ್ಗಿಸಿ ಅವಳನ್ನು ಕರೆದು, ‘ಬತ್ತಿ ಎಲ್ಲಿ ಅದೆ?’ ಎಂದು ಕೇಳಿದೆ.

ಅಡುಗೆಮನೆಯಲ್ಲಿ ಅವಳು ಮೀನು ಹೆಚ್ಚುತ್ತಿದ್ದ ಸದ್ದು ಒಂದು ಕ್ಷಣ ನಿಂತಿತು. ಮತ್ತೆ ಶುರುವಾಯಿತು.